ಹಿಸ್ಪಾನಿಯೋಲಾ ಕಥೆ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿ ಮುಗಿಸಿದೆ. ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪಕ್ಕೆ ಕೊಲಂಬಸ್ ಬಂದಿಳಿದ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಟೈನೋ ಜನಕ್ಕೆ ಏನಾಯಿತು ಅನ್ನುವುದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ನನಗೆ ತುಂಬಾ ಖುಷಿ. ನಿನ್ನ ಸಿಟ್ಟು ನಿಜವಾದದ್ದು. ಆದರೆ ಅದು ಪುಟಪುಟದಲ್ಲೂ ಬರೀ ಬಣ್ಣನೆಯಾಗಿ ಸುರಿದುಬಿಟ್ಟಿದೆ. 'ದುರಾಸೆಯ ಕಣ್ಣು', 'ಕ್ರೂರ ನಗು', 'ರಕ್ತ ಹೀರುವ ಹಸಿವು' ಇಂಥವನ್ನೆಲ್ಲ ತೆಗೆದುಹಾಕು. ಆ ದ್ವೀಪದಲ್ಲಿ ದುರಾಸೆಗೆ ಒಂದು ಕರಾರು ಇತ್ತು, ಅಳತೆ ಇತ್ತು, ರಸೀದಿಯೂ ಇತ್ತು. ಅದನ್ನು ಬರೆ.

ಕರಾರಿನಿಂದಲೇ ಶುರು ಮಾಡಬಹುದು. 1492ರ ಏಪ್ರಿಲ್‌ನಲ್ಲಿ, ಹಡಗು ಹೊರಡುವ ಮೊದಲೇ, ಕೊಲಂಬಸ್ ಸ್ಪೇನಿನ ರಾಜ ರಾಣಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಸಿಗುವ ಚಿನ್ನ, ಬೆಳ್ಳಿ, ಮುತ್ತು, ಮಸಾಲೆಯಲ್ಲಿ ಖರ್ಚು ಕಳೆದು ಹತ್ತರಲ್ಲಿ ಒಂದು ಪಾಲು ಅವನಿಗೆ. 1493ರಲ್ಲಿ ವಾಪಸ್ ಬರುವಾಗ ಬರೆದ ಪತ್ರದಲ್ಲಿ, ಬೇಕಾದಷ್ಟು ಚಿನ್ನ ಕೊಡುತ್ತೇನೆ ಎಂದು ಮಾತು ಕೊಟ್ಟ. ಆ ಮಾತು ನಂಬಿ ಎರಡನೇ ಸಲ 17 ಹಡಗು, ಸಾವಿರಕ್ಕೂ ಜಾಸ್ತಿ ಜನ ಹೊರಟರು. ಅಲ್ಲಿ ಇದ್ದದ್ದು ನದಿ ಮರಳಲ್ಲಿ ಸಿಗುವ ಚಿನ್ನದ ಪುಡಿ. ಕೊಟ್ಟ ಮಾತಿಗೂ ಸಿಕ್ಕ ಚಿನ್ನಕ್ಕೂ ನಡುವೆ ಇದ್ದ ದೊಡ್ಡ ಕೊರತೆಯನ್ನು ಯಾರಾದರೂ ತುಂಬಬೇಕಿತ್ತು. ಅದು ಟೈನೋಗಳ ತಲೆ ಮೇಲೆ ಬಿತ್ತು.

ಈಗ ಗೆಜ್ಜೆಯ ವಿಷಯ. ನೀನು ಇದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯ. ದಯವಿಟ್ಟು ಇಲ್ಲಿ ನಿಲ್ಲು. ಯುರೋಪಿನಲ್ಲಿ ಬೇಟೆಯ ಗಿಡುಗದ ಕಾಲಿಗೆ ಕಟ್ಟುತ್ತಿದ್ದ ಸಣ್ಣ ಗೆಜ್ಜೆಗಳನ್ನು ಕೊಲಂಬಸ್ ಮೊದಲ ಪ್ರಯಾಣದಲ್ಲೇ ತಂದಿದ್ದ. ಟೈನೋಗಳಿಗೆ ಅದರ ಸದ್ದು ಬಹಳ ಇಷ್ಟವಾಯಿತು. ಚಿನ್ನದ ಚೂರು ಕೊಟ್ಟು ಗೆಜ್ಜೆ ತೆಗೆದುಕೊಂಡು ಹೋದರು. ಮೂರೇ ವರ್ಷದಲ್ಲಿ, 1495ರಲ್ಲಿ, ಅದೇ ಗೆಜ್ಜೆ ತೆರಿಗೆಯ ಅಳತೆಯಾಯಿತು. ಚಿನ್ನ ಸಿಗುವ ಸಿಬಾವೋ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಕೊಡಬೇಕು. ಚಿನ್ನ ಇಲ್ಲದ ಕಡೆಯವರು ಸುಮಾರು 11 ಕಿಲೋ ಹತ್ತಿ ಕೊಡಬೇಕು. ಕೊಟ್ಟವರಿಗೆ ಕೊರಳಿಗೆ ಹಾಕಿಕೊಳ್ಳಲು ಒಂದು ಲೋಹದ ಬಿಲ್ಲೆ. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ಶಿಕ್ಷೆ. ನಿನ್ನ ಕಥೆಯ ಹುಡುಗಿಯ ಕೈಗೆ ಆ ಗೆಜ್ಜೆ ಕೊಡು. ಚಿಕ್ಕವಳಿದ್ದಾಗ ಅದನ್ನು ಅಲ್ಲಾಡಿಸಿ ನಕ್ಕವಳು, 14 ತುಂಬಿದ ಮೇಲೆ ನಡುಮಟ್ಟ ನೀರಲ್ಲಿ ನಿಂತು ಅದನ್ನೇ ತುಂಬಿಸಬೇಕು. ಆಗ ನಿನಗೆ ವಿಶೇಷಣ ಬೇಕಾಗುವುದಿಲ್ಲ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ನಿನ್ನ ಟೈನೋಗಳು ಬರೀ ಅಳುತ್ತಾರೆ, ಬರೀ ಸಾಯುತ್ತಾರೆ. ಅವರೂ ಲೆಕ್ಕ ಹಾಕಿದವರು, ಚೌಕಾಸಿ ಮಾಡಿದವರು. ಗ್ವಾಕಾನಗಾರಿ ಎಂಬ ಮುಖಂಡ ಕೊಲಂಬಸ್‌ನ ಒಡೆದ ಹಡಗಿನ ಸಾಮಾನು ಇಳಿಸಲು ತನ್ನ ಜನರನ್ನು ಕಳಿಸಿದ, ಆಮೇಲೆ ಬೇರೆ ಮುಖಂಡರ ವಿರುದ್ಧದ ಯುದ್ಧದಲ್ಲಿ ಸ್ಪೇನಿನವರ ಪರ ನಿಂತ. ಇದನ್ನು ಮುಚ್ಚಿಡಬೇಡ. ಗ್ವಾರಿಯೋನೆಕ್ಸ್ ಎಂಬ ಇನ್ನೊಬ್ಬ ಮುಖಂಡ ಇನ್ನೂ ದೊಡ್ಡ ಪಾತ್ರ. ನಮ್ಮವರಿಗೆ ಚಿನ್ನ ಹೆಕ್ಕಿ ಗೊತ್ತಿಲ್ಲ, ಬದಲಿಗೆ ದ್ವೀಪದ ಈ ಕಡಲಿನಿಂದ ಆ ಕಡಲಿನವರೆಗೆ ನಿಮಗಾಗಿ ಬೆಳೆ ಬೆಳೆದು ಕೊಡುತ್ತೇವೆ ಎಂದು ಅವನು ಕೇಳಿಕೊಂಡ ಎಂದು ಸ್ಪೇನಿನ ಪಾದ್ರಿ ಲಾಸ್ ಕಾಸಾಸ್ ಬರೆದಿದ್ದಾರೆ. ಎಷ್ಟು ವಿವೇಕದ ಮಾತು, ಅಲ್ವಾ? ಬಂದವರೇ ಹಸಿವಿನಿಂದ ಒದ್ದಾಡುತ್ತಿದ್ದ ಹೊತ್ತು ಅದು. ಆದರೂ ಒಪ್ಪಲಿಲ್ಲ. ಅನ್ನಕ್ಕೆ ಸ್ಪೇನಿನಲ್ಲಿ ಬೆಲೆ ಇರಲಿಲ್ಲ, ಸಾಲ ತೀರಿಸಲು ಚಿನ್ನವೇ ಬೇಕಿತ್ತು. ಜನ ಮರಗೆಣಸಿನ ಹೊಲ ಬಿಟ್ಟು ಬೆಟ್ಟಕ್ಕೆ ಓಡಿದರು, ಬರಗಾಲ ಬಂತು. ಗ್ವಾರಿಯೋನೆಕ್ಸ್ ತಿರುಗಿಬಿದ್ದ, ಕೊನೆಗೆ ಸಿಕ್ಕಿಬಿದ್ದ. 1502ರಲ್ಲಿ ಅವನನ್ನು ಕೈದಿಯಾಗಿ ಸ್ಪೇನಿಗೆ ಒಯ್ಯುತ್ತಿದ್ದ ಹಡಗು, ರಾಶಿ ಚಿನ್ನದ ಸಮೇತ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಕಾದಂಬರಿಕಾರರು ಕಲ್ಪಿಸಲು ಹೆದರುವಂಥ ಘಟನೆ, ಆದರೆ ನಡೆದದ್ದು. ನಿನ್ನ ಕರಡಿನಲ್ಲಿ ಅವನ ಹೆಸರೇ ಇಲ್ಲ!

ಪಾದ್ರಿಗಳ ಅಧ್ಯಾಯ ಪರವಾಗಿಲ್ಲ. 1511ರ ಡಿಸೆಂಬರ್‌ನಲ್ಲಿ ಸಾಂಟೋ ಡೊಮಿಂಗೋದಲ್ಲಿ ಮೊಂಟೆಸಿನೋಸ್ ಎದ್ದು ನಿಂತು "ಇವರು ಮನುಷ್ಯರಲ್ಲವೇ?" ಎಂದು ಕೇಳಿದ ದೃಶ್ಯವನ್ನು ಚೆನ್ನಾಗಿ ಬರೆದಿದ್ದೀಯ. ಆದರೆ ಲಾಸ್ ಕಾಸಾಸ್‌ರನ್ನು ಸಂತ ಮಾಡಿಬಿಟ್ಟಿದ್ದೀಯ. ಅವರೂ ಟೈನೋಗಳ ದುಡಿಮೆಯಿಂದ ಬದುಕಿದವರೇ, ಅದನ್ನು ಬಿಟ್ಟದ್ದು 1514ರಲ್ಲಿ. ಆಮೇಲೆ ಆಫ್ರಿಕದ ಗುಲಾಮರನ್ನು ತರಿಸಿ ಎಂದು ಸಲಹೆ ಕೊಟ್ಟರು, ಮುಂದೆ ಅದಕ್ಕೆ ಪಶ್ಚಾತ್ತಾಪಪಟ್ಟರು. ಇದನ್ನೂ ಹೇಳಿದರೆ ಅವರ ಮೇಲಿನ ಗೌರವ ಕಮ್ಮಿಯಾಗುವುದಿಲ್ಲ. ಹಾಗೇ, 30 ಲಕ್ಷ ಜನ ಇದ್ದರು ಅನ್ನುವ ಸಂಖ್ಯೆ ಅವರದೇ. ಇವತ್ತಿನ ವಿದ್ವಾಂಸರಲ್ಲಿ ಅನೇಕರು ಅದಕ್ಕಿಂತ ತುಂಬಾ ಕಡಿಮೆ ಹೇಳುತ್ತಾರೆ. 1514ರ ಎಣಿಕೆಯಲ್ಲಿ ಉಳಿದಿದ್ದವರು ಸುಮಾರು 26,000. ಆ ಸಂಖ್ಯೆಯೊಂದೇ ಸಾಕು, ಅದರ ಭಾರ ಓದುಗರಿಗೆ ತಿಳಿಯುತ್ತದೆ.

ಮಧ್ಯದಲ್ಲಿ ನಮ್ಮ ಕರಾವಳಿಯನ್ನು ತಂದಿದ್ದೀಯ. ಬೇಕಿದ್ದರೆ ಒಂದೇ ಸಾಲು ಇರಲಿ: ಅದೇ 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳವನ್ನು ಹೆದರಿಸಿ ಅಕ್ಕಿಯ ಕಪ್ಪ ಒಪ್ಪಿಸಿದ. ಆದರೆ ಎರಡೂ ಒಂದೇ ಎನ್ನಬೇಡ. ಇಲ್ಲಿ ದೊಡ್ಡ ರಾಜ್ಯಗಳಿದ್ದವು, ಹಳೆಯ ಬಂದರುಗಳಿದ್ದವು. ಅಲ್ಲಿ ನಡೆದಂತೆ ಇಲ್ಲಿ ಒಂದು ಜನಾಂಗದ ಬಹುಪಾಲು ಒಂದೇ ತಲೆಮಾರಿನಲ್ಲಿ ಕರಗಲಿಲ್ಲ. ಅವರ ನೋವಿಗೆ ನಮ್ಮ ಅಂಗಿ ತೊಡಿಸಬೇಡ.

ಕೊನೆಯ ಸಾಲನ್ನು ಮಾತ್ರ ಬದಲಿಸಲೇಬೇಕು. 'ಟೈನೋಗಳು ಭೂಮಿಯಿಂದ ಅಳಿಸಿಹೋದರು' ಎಂದು ಮುಗಿಸಿದ್ದೀಯ. ಪೋರ್ಟೋ ರಿಕೋ, ಡೊಮಿನಿಕನ್ ಗಣರಾಜ್ಯ, ಕ್ಯೂಬಾದಲ್ಲಿ ಇವತ್ತೂ 'ನಾವು ಟೈನೋ' ಎಂದು ಹೇಳಿಕೊಳ್ಳುವ ಜನ ಇದ್ದಾರೆ. ಅವರ ಮಾತಿಗೆ ಬಲ ಕೊಡುವ ಡಿಎನ್‌ಎ ಅಧ್ಯಯನಗಳೂ ಬಂದಿವೆ. ಅವರು ಏನು ಹೇಳುತ್ತಾರೆ, ಏನು ಬರೆಯುತ್ತಾರೆ, ಅದನ್ನು ಮೊದಲು ಓದು. ಆಮೇಲೆ ಗ್ವಾರಿಯೋನೆಕ್ಸ್‌ನ ಅಧ್ಯಾಯ ಬರೆದು ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ