ಮಗಳಿಗೊಂದು ಪತ್ರ: ಅಜ್ಜನ ಕತ್ತಿಗೆ ಸಾಣೆ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಅಜ್ಜನ ಕ್ಷೌರದ ಕತ್ತಿಯನ್ನು 12000 ಗ್ರಿಟ್‌ನ (ಈ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಕಲ್ಲಿನ ಮೇಲೆ ಒಂದು ಗಂಟೆ ಮಸೆದರೂ ಅದು ಕೂದಲನ್ನು ಕತ್ತರಿಸದೆ ಕೀಳುತ್ತಿದೆ ಎಂದು ಬೇಸರಪಟ್ಟು ಬರೆದಿದ್ದೀಯೆ. ನಿನ್ನ ಕೈಯನ್ನಾಗಲಿ ಕತ್ತಿಯನ್ನಾಗಲಿ ದೂರಬೇಡ; ನೀನು ಕೊನೆಯ ಕಲ್ಲಿನಿಂದ ಕೆಲಸ ಆರಂಭಿಸಿದ್ದೀಯೆ, ಅಷ್ಟೇ. ಕಲ್ಲು ನುಣುಪಾದಷ್ಟೂ ಅಲಗು ಹರಿತವಾಗುತ್ತದೆ ಎಂದು ನಂಬಿ ನಾನೂ ತಿಂಗಳುಗಟ್ಟಲೆ ಹಾಗೆಯೇ ಮಸೆದೆ. ಅಲಗು ಕನ್ನಡಿಯಂತೆ ಹೊಳೆಯಿತು, ಕೆನ್ನೆ ಮಾತ್ರ ಉರಿಯಿತು.

ಅಡುಗೆಮನೆಯ ಚಾಕುವಿಗೂ ಈ ಕತ್ತಿಗೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸು. ಚಾಕುವನ್ನು ಮಸೆಯುವಾಗ ಅದರ ಕೋನವನ್ನು ನಮ್ಮ ಮಣಿಕಟ್ಟು ಕಾಯಬೇಕು; ಕ್ಷೌರದ ಕತ್ತಿಯಲ್ಲಿ ಆ ಕೆಲಸವನ್ನು ಅದರ ದಪ್ಪ ಬೆನ್ನೇ ಮಾಡುತ್ತದೆ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಅಲಗನ್ನು ಮಲಗಿಸಿದರೆ ಕೋನ ತಾನಾಗಿಯೇ ಸರಿಹೋಗುತ್ತದೆ. ಹೀಗೆ ಎರಡೂ ಮಗ್ಗುಲಲ್ಲಿ ಒಂದೊಂದು ಕಿರಿದಾದ ಇಳಿಜಾರು ಮೂಡುತ್ತದೆ, ಅವೆರಡೂ ಸಂಧಿಸುವ ಗೆರೆಯೇ ಕತ್ತಿಯ ಬಾಯಿ. ಆ ಇಳಿಜಾರುಗಳು ಒಂದನ್ನೊಂದು ಮುಟ್ಟದೆ ನಡುವೆ ಕೂದಲೆಳೆಗಿಂತ ಕಿರಿದಾದ ಮೊಂಡು ಉಳಿದಿದ್ದರೂ, ನುಣುಪುಗಲ್ಲು ಇಳಿಜಾರಿಗೆ ಹೊಳಪು ಕೊಡುತ್ತದೆಯೇ ಹೊರತು ತುದಿಯನ್ನು ತಲುಪುವುದಿಲ್ಲ. ನಿನಗಾಗಿರುವುದೂ ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಆದ್ದರಿಂದ 1000 ಗ್ರಿಟ್‌ನ ಕಲ್ಲಿಗೆ ಹಿಂತಿರುಗು. ಅದಕ್ಕೂ ಮೊದಲು ಕಲ್ಲು ಸಮತಟ್ಟಾಗಿದೆಯೇ ಎಂದು ನೋಡು. ಅದರ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆಗಳನ್ನು ಎಳೆದು, ದಪ್ಪ ಗಾಜಿನ ಮೇಲೆ ಹರಡಿದ ಒದ್ದೆ ಮರಳು ಕಾಗದದ ಮೇಲೆ ಉಜ್ಜು. ನಡುವಿನ ಗೆರೆಗಳು ಅಳಿಯದೆ ಉಳಿದರೆ ಕಲ್ಲು ಅಲ್ಲಿ ತಗ್ಗಾಗಿದೆ ಎಂದರ್ಥ, ಎಲ್ಲ ಗೆರೆಗಳೂ ಮಾಯವಾಗುವವರೆಗೆ ಉಜ್ಜಬೇಕು. ತಗ್ಗಾದ ಕಲ್ಲಿನ ಮೇಲೆ ಎಷ್ಟು ಎಚ್ಚರದಿಂದ ಮಸೆದರೂ ನೇರವಾದ ಬಾಯಿ ಬರುವುದಿಲ್ಲ.

ಬಳಿಕ ಅಳಿಸಲಾಗದ ಶಾಯಿಯ ಮಾರ್ಕರ್‌ನಿಂದ ಎರಡೂ ಇಳಿಜಾರುಗಳಿಗೆ ಬಣ್ಣ ಹಚ್ಚಿ, ಕಲ್ಲಿಗೆ ನೀರು ಹಾಕಿ, ಮಗ್ಗುಲಿಗೆ ನಾಲ್ಕು ಬಾರಿ ಮಾತ್ರ ಎಳೆದು ಭೂತಗನ್ನಡಿಯಲ್ಲಿ ನೋಡು. ಶಾಯಿ ಹಿಂಭಾಗದಲ್ಲಿ ಅಳಿದು ತುದಿಯಲ್ಲಿ ಕಪ್ಪು ದಾರದಂತೆ ಉಳಿದಿದ್ದರೆ ಕಲ್ಲು ಇನ್ನೂ ತುದಿಗೆ ತಾಗಿಲ್ಲ. ಇನ್ನೊಂದು ಪರೀಕ್ಷೆಯೂ ಉಂಟು: ದೀಪದ ಕೆಳಗೆ ಅಲಗಿನ ಬಾಯಿಯನ್ನು ನೇರವಾಗಿ ಕಣ್ಣಿನತ್ತ ತಿರುಗಿಸಿ ಹಿಡಿ. ಹರಿತವಾದ ಬಾಯಿಯಲ್ಲಿ ಬೆಳಕು ನಿಲ್ಲುವುದಿಲ್ಲ. ಮೊಂಡಾದ ಕಡೆ ಬಿಳಿಯ ಎಳೆ, ಮುಕ್ಕಾದ ಕಡೆ ಮಿನುಗುವ ಚುಕ್ಕಿ ಕಾಣುತ್ತದೆ. ಅವೆಲ್ಲ ಹೋಗಿ, ಹಿಮ್ಮಡಿಯಿಂದ (ಹಿಡಿಯ ಕಡೆಯ ಕೊನೆ) ಮೂತಿಯವರೆಗೆ (ಮುಂದಿನ ಕೊನೆ) ಅಲಗಿನ ಪ್ರತಿಯೊಂದು ಭಾಗವೂ ಮುಂಗೈಯ ಕೂದಲನ್ನು ಚರ್ಮದ ಮಟ್ಟದಲ್ಲಿ ಸಲೀಸಾಗಿ ಬೋಳಿಸುವವರೆಗೆ ಮುಂದಿನ ಕಲ್ಲನ್ನು ಹೊರಗೆ ತೆಗೆಯಲೇಬೇಡ.

ಎಳೆಯುವಾಗ ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಲಿ. ಕಲ್ಲು ಅಲಗಿಗಿಂತ ಕಿರಿದಾಗಿದ್ದರೆ ಹಿಮ್ಮಡಿಯಿಂದ ಆರಂಭಿಸಿ ಓರೆಯಾಗಿ ಎಳೆದು ಮೂತಿಯಲ್ಲಿ ಮುಗಿಸು. ಕಲ್ಲಿನ ಕೊನೆ ತಲುಪಿದಾಗ ಕತ್ತಿಯನ್ನು ಯಾವಾಗಲೂ ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಇಷ್ಟು ಹೊತ್ತಿನ ಶ್ರಮ ಆ ಕ್ಷಣದಲ್ಲಿ ಹಾಳಾಗುತ್ತದೆ. ಒತ್ತುವ ವಿಷಯದಲ್ಲಿ ನಿನ್ನನ್ನು ಬೇಡಿಕೊಳ್ಳುತ್ತೇನೆ. ಈ ಅಲಗಿನ ಎರಡೂ ಮಗ್ಗುಲನ್ನು ಟೊಳ್ಳಾಗಿ ಕೊರೆದು ಬಾಯಿಯ ಬಳಿ ಅದನ್ನು ಬಹಳ ತೆಳುವಾಗಿಸಿರುತ್ತಾರೆ. ಬೆರಳಿನಿಂದ ಒತ್ತಿದರೆ ಅದು ಬಾಗಿ, ತುದಿಯ ಬದಲು ಅದರ ಹಿಂದಿನ ಉಕ್ಕು ಸವೆಯುತ್ತದೆ. 1000ದ ಕಲ್ಲಿನ ಮೊದಲ ಸುತ್ತುಗಳಲ್ಲಿ ತುಸು ಭಾರ ಹಾಕಬಹುದು, ಆಮೇಲೆ ಕತ್ತಿಯ ತೂಕವೇ ಸಾಕು. ಒತ್ತಡ ಸರಿಯಿದ್ದು ಅಲಗು ಕಲ್ಲಿಗೆ ಪೂರ್ತಿ ಕೂತಿದೆಯೇ ಎಂಬುದನ್ನು ನೀರೇ ಹೇಳುತ್ತದೆ: ಸಾಗುತ್ತಿರುವ ಬಾಯಿಯ ಮುಂದೆ ನೀರಿನ ಸಣ್ಣ ಅಲೆಯೊಂದು ಎದ್ದು, ಅಲಗಿನ ಅಡಿಗೆ ನುಗ್ಗದೆ ಅದರ ಮೇಲಕ್ಕೆ ಹತ್ತುತ್ತದೆ. ಅಲೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಅಡಿಯಲ್ಲಿ ನುಸುಳಿದರೆ ಆ ಭಾಗ ಇನ್ನೂ ಕಲ್ಲಿಗೆ ತಾಗಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಬೇಗ ಮುಗಿಯುತ್ತದೆ. 4000 ಅಥವಾ 5000, 8000, ಕೊನೆಗೆ ನಿನ್ನ 12000. ಪ್ರತಿಯೊಂದು ಕಲ್ಲೂ ಹಿಂದಿನ ಕಲ್ಲಿನ ಗೀರುಗಳನ್ನು ಅಳಿಸಿದರೆ ಸಾಕು. ಕಲ್ಲು ಬದಲಿಸುವಾಗ ಕತ್ತಿಯನ್ನೂ ಕೈಯನ್ನೂ ತೊಳೆ, ಏಕೆಂದರೆ ಒರಟುಗಲ್ಲಿನ ಒಂದು ಕಣ ನುಣುಪುಗಲ್ಲಿಗೆ ಸೇರಿದರೂ ಅದು ಬಾಯಿಯಲ್ಲಿ ಗೀರಾಗಿ ಕಾಣಿಸುತ್ತದೆ.

ಆಮೇಲೆ ಚರ್ಮದ ಪಟ್ಟಿಯ ಮೇಲೆ ಐವತ್ತು ಸುತ್ತು. ಇಲ್ಲಿ ಮಾತ್ರ ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿ ಹರಿಯುತ್ತದೆ. ಪಟ್ಟಿಯನ್ನು ಬಿಗಿಯಾಗಿ ಹಿಡಿ, ಜೋತುಬಿದ್ದ ಪಟ್ಟಿ ಬಾಯಿಯನ್ನು ದುಂಡಾಗಿಸುತ್ತದೆ.

ಅಜ್ಜನ ಕತ್ತಿಯ ಮೂತಿಯ ಬಳಿ ಒಂದು ಸಣ್ಣ ಮುಕ್ಕು ಇದ್ದದ್ದು ನನಗೆ ನೆನಪಿದೆ. ಅವರು ಅದನ್ನು ತೆಗೆಯದೆಯೇ ಬಿಟ್ಟಿದ್ದರು. ನಾಳೆ ಶಾಯಿ ಹಚ್ಚಿ ನಾಲ್ಕು ಎಳೆತ ಎಳೆದ ಮೇಲೆ ಎಲ್ಲೆಲ್ಲಿ ಕಪ್ಪು ಉಳಿಯಿತು ಎಂದು ಚಿತ್ರ ಬರೆದು ಕಳುಹಿಸು. ಆ ಮುಕ್ಕನ್ನು ತೆಗೆಯಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿ ಇಬ್ಬರೂ ತೀರ್ಮಾನಿಸೋಣ.

ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ