ಬೇತುಲ್ ತಲುಪಿದೆವು, ಎಲ್ಲರಿಗೂ ಥ್ಯಾಂಕ್ಸ್

ಕೊನೆಗೂ ಮುಗಿಯಿತು, ಗೋವಾದ ನದಿಗಳಲ್ಲಿ ನಮ್ಮ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಪ್ರಯಾಣ. ಉತ್ತರದ ತೆರೆಖೋಲ್ ನದಿಯಿಂದ ಶುರು ಮಾಡಿ ಶಾಪೋರಾ, ಮಾಂಡವಿ, ಕುಂಬಾರ್ಜುವಾ ಕಾಲುವೆ, ಜುವಾರಿ ಅಂತ ಒಂದೊಂದೇ ನೀರು ಮುಗಿಸಿ, ನೀರಿನ ದಾರಿ ಇಲ್ಲದ ಕಡೆ ಕಯಾಕ್‌ಗಳನ್ನು ಟೆಂಪೋ ಮೇಲೆ ಕಟ್ಟಿಕೊಂಡು ಹೋಗಿ, ನಿನ್ನೆ ಸಾಳ್ ನದಿ ಸಮುದ್ರ ಸೇರುವ ಬೇತುಲ್ ತಲುಪಿದೆವು. ನಾನೂ ತಮ್ಮನೂ (ದೊಡ್ಡಮ್ಮನ ಮಗ), ಇಬ್ಬರೂ. ಇಬ್ಬರೂ ಅನ್ನೋದೇ ನನಗೆ ದೊಡ್ಡದು.

ಈ ಹುಚ್ಚು ಹತ್ತಿಸಿದ್ದು ಅಪ್ಪ. ಅದಿರು ಸಾಗಿಸುವ ದೊಡ್ಡ ದೋಣಿ, ಬಾರ್ಜ್‌ನಲ್ಲಿ ಕೆಲಸ ಮಾಡುತ್ತಿದ್ದವರು. ಮಳೆಗಾಲದಲ್ಲಿ ಅಗ್ವಾದದ ಹತ್ತಿರ ಮಾಂಡವಿಯ ಬಾಯಿ ಮುಚ್ಚಿದರೆ ಬಾರ್ಜ್‌ಗಳು ಕುಂಬಾರ್ಜುವಾ ಹಿಡಿದು ಜುವಾರಿಗೆ ಇಳಿದು ಮುರ್ಗಾಂವ್ ಬಂದರಿಗೆ ಹೋಗುತ್ತಿದ್ದ ಕತೆ ಎಷ್ಟು ಸಲ ಹೇಳಿದ್ದಾರೋ. 2012ರಲ್ಲಿ ಗಣಿ ನಿಂತಿತು, ಕೆಲಸ ಹೋಯಿತು, ಕತೆ ಮಾತ್ರ ನಿಲ್ಲಲಿಲ್ಲ.

ಕುಂಬಾರ್ಜುವಾ ಕಾಲುವೆಯ ಆ ರಾತ್ರಿ ತಮ್ಮನ ಜೀವಕ್ಕೇ ಕುತ್ತು ಬಂದು ಆಸ್ಪತ್ರೆ ಸೇರಬೇಕಾಯಿತು ಅಂತ ನಿಮಗೆಲ್ಲ ಗೊತ್ತು, ವಿವರ ಮತ್ತೆ ಬರೆಯುವುದಿಲ್ಲ. ಆದರೆ ಅವತ್ತು ನಮ್ಮನ್ನು ಕಾಪಾಡಿದ ಅಣ್ಣನ ಬಗ್ಗೆ ನಿಮಗೆ ಗೊತ್ತಿಲ್ಲ. ಹೆಸರು ಹಾಕಬೇಡಿ ಅಂದಿದ್ದಾರೆ. ಬಾದಾಮಿ ಕಡೆಯವರು. ಕಾಲುವೆ ಪಕ್ಕದ ಖಜಾನ್ ಗದ್ದೆಯಲ್ಲಿ (ಉಬ್ಬರದ ನೀರು ತಡೆಯಲು ಒಡ್ಡು ಕಟ್ಟಿದ ಗದ್ದೆ) ಮೀನಿನ ಹೊಂಡ ಕಾಯುವ ಕೆಲಸ.

ತಮ್ಮನಿಗೆ ತೋಳು ಎತ್ತಲಾಗಲಿಲ್ಲ. ಅಷ್ಟರಲ್ಲಿ ಇಳಿತ ಜೋರಾಗಿ ಎರಡೂ ಕಯಾಕ್ ಕೆಸರಿನಲ್ಲಿ ಕೂತವು. ದಂಡೆ ಕಣ್ಣಿಗೆ ಕಾಣುತ್ತಿತ್ತು, ಕಾಲಿಟ್ಟರೆ ತೊಡೆವರೆಗೂ ಹೂತುಹೋಗುತ್ತಿತ್ತು. ಆ ಕಾಲುವೆಯಲ್ಲಿ ಮೊಸಳೆ ಇವೆ. ಅವನ್ನು ನೋಡಲೆಂದೇ ಹಗಲು ಟೂರಿಸ್ಟ್ ಬೋಟ್‌ಗಳು ಬರುತ್ತವೆ. ನಾನು ಕನ್ನಡದಲ್ಲೇ ಕೂಗುತ್ತಿದ್ದೆ, ಭಯಕ್ಕೆ ಬೇರೆ ಭಾಷೆ ಬರಲಿಲ್ಲ. ಕತ್ತಲೆಯಿಂದ "ಯಾರ್ರೀ ಅದು, ನಮ್ಮ ಕಡೆಯವರೇನು?" ಅಂತ ಉತ್ತರ ಬಂತು.

ಅವರು ಒಣ ತೆಂಗಿನ ಗರಿಗಳನ್ನು ಒಂದರ ಮುಂದೊಂದು ಕೆಸರಿನ ಮೇಲೆ ಹಾಸುತ್ತಾ ನಮ್ಮ ತನಕ ಬಂದರು. ತಮ್ಮನನ್ನು ಬೆನ್ನ ಮೇಲೆ ಹೊತ್ತು ಅದೇ ಗರಿಗಳ ಮೇಲೆ ವಾಪಸ್ ನಡೆದರು. ಅವರ ಗುಡಿಸಿಲಿಗೆ ಗಾಡಿ ಬರುವ ದಾರಿ ಇಲ್ಲ. ನೀರು ಏರಿದರೆ ಮಾತ್ರ ಹೋಡಿಯಲ್ಲಿ (ದೋಣಿಯಲ್ಲಿ) ಬಾಣಸ್ತಾರಿ ಸೇತುವೆಗೆ ಹೋಗಬಹುದು. ಅಲ್ಲಿಯವರೆಗೆ ಕಾಯಬೇಕು.

ಗುಡಿಸಿಲ ಹತ್ತಿರವೇ ಒಡ್ಡಿನ ತೂಬು ಇದೆ, ಮರದ ಬಾಗಿಲಿನದು. ಇಳಿತದಲ್ಲಿ ಗದ್ದೆ ನೀರು ತಳ್ಳಿ ತಾನೇ ತೆರೆಯುತ್ತದೆ, ಹೊರಗೆ ಉಬ್ಬರ ಏರಿದರೆ ತಾನೇ ಮುಚ್ಚುತ್ತದೆ. "ಬಾಗ್ಲ ಬಡೀತು ಅಂದ್ರ ನೀರು ತಿರುಗಿತು ಅಂತ ಲೆಕ್ಕ, ಅಲ್ಲೀತನಕ ಧೈರ್ಯ ಬಿಡಬ್ಯಾಡ್ರಿ" ಅಂದರು. ತಮ್ಮನ ಪಾದ ಉಜ್ಜುತ್ತಾ ಕೂತರು. ಮಾತಾಡಿಸುತ್ತಲೇ ಇದ್ದರು, ಬನಶಂಕರಿ ಜಾತ್ರೆ ಬಗ್ಗೆ, ತಮ್ಮ ಎಮ್ಮೆ ಬಗ್ಗೆ, ಏನೇನೋ. ಅವನು ನಿದ್ದೆಗೆ ಜಾರಬಾರದು ಅಂತ.

ಆಗ ನಾನು ದೊಡ್ಡಮ್ಮನಿಗೆ ಫೋನಿನಲ್ಲಿ ಏನು ಹೇಳಬೇಕು ಅಂತ ವಾಕ್ಯ ಜೋಡಿಸುತ್ತಿದ್ದೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಿಮ್ಮ ಮಗ, ಅಂತ ಶುರು ಮಾಡಿ ಮುಂದಿನ ಶಬ್ದ ಸಿಗುತ್ತಿರಲಿಲ್ಲ. ಬಾಗಿಲು ಧಡ್ ಅಂತ ಬಡಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅಣ್ಣ ಆಗಲೇ ಹುಟ್ಟು ಹುಡುಕಲು ಎದ್ದಿದ್ದರು.

ಬೆಳಗಿನ ಜಾವ ಸೇತುವೆ ಮುಟ್ಟಿಸಿ, ನಾವು ಕಾರು ಹತ್ತಿದ ಮೇಲೆ, ಒಬ್ಬರೇ ವಾಪಸ್ ಹೋದರು. ದುಡ್ಡು ಮುಟ್ಟಲಿಲ್ಲ. ಅವತ್ತು ಹೊಂಡ ಕಾಯದೆ ಬಂದಿದ್ದಕ್ಕೆ ಮಾಲೀಕರಿಂದ ಮಾತು ಕೇಳಬೇಕಾಯಿತಂತೆ, ಅದೂ ನನಗೆ ಬೇರೆಯವರಿಂದ ಗೊತ್ತಾಗಿದ್ದು.

ತಮ್ಮ ಸುಧಾರಿಸಿಕೊಂಡ ಮೇಲೆ ಅವನೇ ಹಟ ಹಿಡಿದ, ಬಿಟ್ಟ ಜಾಗದಿಂದಲೇ ಮುಂದೆ ಹೋಗೋಣ ಅಂತ. ಆಸ್ಪತ್ರೆಯ ಡಾಕ್ಟರು, ನರ್ಸಮ್ಮಂದಿರು, ಅಪರಾತ್ರಿ ಕಾರು ತಂದ ವಾಸ್ಕೋದ ಗೆಳೆಯರು, ಟೆಂಪೋ ಡ್ರೈವರ್, ದಿವಾಡಿಯಲ್ಲಿ ಬಟ್ಟೆ ಒಣಗಿಸಲು ಅಂಗಳ ಕೊಟ್ಟ ಮನೆಯವರು, ಫೆರಿಯಿಂದ ಕೈ ಬೀಸಿದವರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಅಪ್ಪಾ, ನಿಮ್ಮ ಕಾಲುವೆ ನೋಡಿದೆ.

ಅಣ್ಣಾ, ಇದನ್ನು ಯಾರಾದರೂ ನಿಮಗೆ ಓದಿ ಹೇಳುತ್ತಾರೆ. ಭಾನುವಾರ ಮನೆಗೆ ಬನ್ನಿ. ದೊಡ್ಡಮ್ಮ ಊರಿಂದ ಬರುತ್ತಿದ್ದಾರೆ, ನಿಮಗೇ ಅಂತ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾರಂತೆ. ಕರೆದುಕೊಂಡು ಬರಲು ತಮ್ಮನೇ ಬರುತ್ತಾನೆ.