'ಗೊತ್ತಿಲ್ಲ' ಅನ್ನಲು ಬಾರದ ನಿಮ್ಮ ಚಾಟ್‌ಬಾಟ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಚಾಟ್‌ಬಾಟ್ ನನ್ನ ಪ್ರಶ್ನೆಗೆ ಉತ್ತರವನ್ನೂ ಕೊಡದೆ, ಬೇರೆಯವರಿಗೂ ದಾಟಿಸದೆ ಕೈಬಿಟ್ಟಿರುವುದು

ಮಾನ್ಯರೇ,

ನಾಲ್ಕು ವರ್ಷದಿಂದ ನಿಮ್ಮ ಇಂಟರ್ನೆಟ್ ಬಳಸುತ್ತಿದ್ದೇನೆ. ಲೈನ್ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಿಮ್ಮ ಆ್ಯಪ್‌ನಲ್ಲಿ ಕೂತಿರುವ ಚಾಟ್‌ಬಾಟ್ ಬಗ್ಗೆ.

ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇನೆ. ವರ್ಷದ ಹಣ ಮೊದಲೇ ಕಟ್ಟಿದ್ದೇನೆ, ಇನ್ನೂ ಐದು ತಿಂಗಳು ಬಾಕಿ ಇದೆ. ಹೊಸ ಮನೆಗೆ ಇದೇ ಪ್ಲಾನ್ ಬರುತ್ತಾ? ಅಲ್ಲಿ ನಿಮ್ಮ ಲೈನ್ ಇಲ್ಲದಿದ್ದರೆ ಉಳಿದ ಹಣ ವಾಪಸ್ ಸಿಗುತ್ತಾ? ನಾನು ಕೇಳಿದ್ದು ಇಷ್ಟೇ.

'ಕ್ಷಮಿಸಿ, ಅರ್ಥವಾಗಲಿಲ್ಲ. ಬೇರೆ ರೀತಿಯಲ್ಲಿ ಕೇಳಿ' ಅಂದಿತು. ಸರಿ, ಕೇಳಿದೆ. ಮೊದಲು 'ಸ್ಥಳಾಂತರ' ಅಂತ ಬರೆದಿದ್ದೆ. ಆಮೇಲೆ 'ಶಿಫ್ಟ್' ಅಂದೆ. ಕೊನೆಗೆ ಚಿಕ್ಕ ಮಗುವಿಗೆ ಹೇಳುವ ಹಾಗೆ 'ಬೇರೆ ಮನೆಗೆ ಹೋಗ್ತಿದೀನಿ' ಅಂದೆ. ಮೂರು ಸಲವೂ ಅದೇ ಸಾಲು, ಒಂದಕ್ಷರ ಆಚೀಚೆ ಇಲ್ಲ. ನಾಲ್ಕನೇ ಸಲ ಬರೀ ಹಣದ ವಿಷಯ ಕೇಳಿದೆ. 'ವಾಪಸ್' ಅನ್ನೋದು ಮಾತ್ರ ಅದರ ಕಣ್ಣಿಗೆ ಬಿತ್ತೇನೋ, 'ನಿಮ್ಮ ಸಂಪರ್ಕ ರದ್ದು ಮಾಡಬೇಕೇ?' ಎಂದು ಕೇಳಿ, ಕೆಳಗೆ 'ಹೌದು' ಎಂಬ ಒಂದೇ ಒಂದು ಬಟನ್ ಕೊಟ್ಟಿತು. 'ಬೇಡ' ಅನ್ನಲು ಬಟನ್ನೇ ಇಲ್ಲ! 'ಬೇಡ' ಎಂದು ಟೈಪ್ ಮಾಡಿದೆ. 'ಕ್ಷಮಿಸಿ, ಅರ್ಥವಾಗಲಿಲ್ಲ.'

ಗ್ರಾಹಕ ಸಂಖ್ಯೆ ಕೊಟ್ಟರೆ ಏನಾದರೂ ದಾರಿ ಸಿಗಬಹುದು ಎಂದು ಹಳೇ ಬಿಲ್ ಹುಡುಕಲು ಎದ್ದು ಹೋದೆ. ಬರುವಷ್ಟರಲ್ಲಿ ಚಾಟ್ ಮುಚ್ಚಿತ್ತು. ಬರೆದದ್ದೆಲ್ಲ ಮಾಯ. ಪರದೆ ಮೇಲೆ ಉಳಿದಿದ್ದು ಐದು ಖಾಲಿ ನಕ್ಷತ್ರ ಮತ್ತು 'ನಮ್ಮ ಸೇವೆ ಹೇಗಿತ್ತು?' ಎಂಬ ಪ್ರಶ್ನೆ.

ಚಾಟ್‌ಬಾಟ್‌ಗೆ ಉತ್ತರ ಗೊತ್ತಿರಲಿಲ್ಲ ಅನ್ನೋದು ನನ್ನ ದೂರಲ್ಲ. ಕೌಂಟರ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಎಲ್ಲ ಗೊತ್ತಿರಲ್ಲ. ಆದರೆ ಅವನು 'ನಂಗೆ ಗೊತ್ತಿಲ್ಲ, ಒಂದ್ನಿಮಿಷ ಇರಿ, ಒಳಗೆ ಕೇಳಿ ಬರ್ತೀನಿ' ಅಂತಾನೆ. ಆಮೇಲೆ ಎಷ್ಟು ಹೊತ್ತಾದರೂ ಕಾಯುತ್ತೇವೆ, ಅಲ್ವಾ? ನಿಮ್ಮ ಚಾಟ್‌ಬಾಟ್ ತನಗೆ ಗೊತ್ತಿಲ್ಲದ್ದನ್ನು ನನ್ನ ತಪ್ಪು ಅನ್ನೋ ಹಾಗೆ ಮಾಡಿತು. ನಾನು ಸರಿಯಾಗಿ ಕೇಳುತ್ತಿಲ್ಲವಂತೆ!

ನನ್ನ ಕೆಲಸವೇ ಸಾಫ್ಟ್‌ವೇರ್ ಪರೀಕ್ಷಿಸುವುದು, ಹಾಗಾಗಿ ಒಳಗೆ ಏನಾಗಿರಬಹುದು ಅಂತ ಸ್ವಲ್ಪ ಅಂದಾಜಿದೆ. ಇಂಥ ಬಾಟ್‌ಗಳು ಸಾಮಾನ್ಯವಾಗಿ ಗ್ರಾಹಕ ಕೇಳಿದ್ದನ್ನು ತಮಗೆ ಗೊತ್ತಿರುವ ವಿಷಯಗಳ ಜೊತೆ ಹೋಲಿಸಿ ಅಂಕ ಹಾಕುತ್ತವೆ. ಅಂಕ ಒಂದು ಮಿತಿಗಿಂತ ಕಡಿಮೆ ಬಂದರೆ 'ಫಾಲ್‌ಬ್ಯಾಕ್' ಎಂಬ ಸಿದ್ಧ ಉತ್ತರ ಹೊರಗೆ ಬರುತ್ತದೆ. ನಿಮ್ಮವರು ಅಲ್ಲಿ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಎಷ್ಟನೇ ಸಲ ಸೋತಿದ್ದೇವೆ ಎಂಬ ಲೆಕ್ಕವನ್ನೂ ಇಟ್ಟಂತಿಲ್ಲ. ಅದನ್ನು ಎಣಿಸಲು ದೊಡ್ಡ ಬುದ್ಧಿಯೇನೂ ಬೇಡ. ಎರಡನೇ ಸಲ ಸೋತಾಗಲೇ ಮಾತುಕತೆ ಪೂರ್ತಿ ಒಬ್ಬ ಮನುಷ್ಯನ ಕೈಗೆ ಹೋಗಬೇಕು. ರಾತ್ರಿ ಯಾರೂ ಇಲ್ಲವೆಂದರೆ ಒಂದು ದೂರಿನ ಸಂಖ್ಯೆ ಕೊಟ್ಟು, ಯಾವಾಗ ಉತ್ತರ ಬರುತ್ತೆ ಅಂತ ಹೇಳಿದರೂ ಸಾಕು.

ಹಾಗಂತ, ಏನು ಕೇಳಿದರೂ ಊಹಿಸಿ ಉತ್ತರ ಕೊಡುವ ಎಐ ತಂದು ಕೂರಿಸಬೇಡಿ. ಅದು ಇದಕ್ಕಿಂತ ಜಾಸ್ತಿ ಅಪಾಯ. ಏರ್ ಕೆನಡಾ ಚಾಟ್‌ಬಾಟ್ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಕಂಪನಿಯೇ ಅದಕ್ಕೆ ಹೊಣೆ ಎಂದು 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಗೊತ್ತಿಲ್ಲದಾಗ ಸುಮ್ಮನಿರುವುದನ್ನು ಯಂತ್ರಕ್ಕೂ ಕಲಿಸಬಹುದು. ಬರಹ ಓದಿ ಉತ್ತರಿಸಲು ಯಂತ್ರಕ್ಕೆ ಬರುತ್ತಾ ಎಂದು ಪರೀಕ್ಷಿಸುವ ಸ್ಕ್ವಾಡ್ ಎಂಬ ಪ್ರಶ್ನೋತ್ತರ ಸಂಗ್ರಹಕ್ಕೆ 2018ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 50,000ಕ್ಕೂ ಹೆಚ್ಚು ಉತ್ತರವಿಲ್ಲದ ಪ್ರಶ್ನೆಗಳನ್ನು ಸೇರಿಸಿದ್ದು ಇದಕ್ಕೇ. ಕೊಟ್ಟ ಬರಹದಲ್ಲಿ ಉತ್ತರ ಇಲ್ಲದಿದ್ದರೆ ಇಲ್ಲ ಅನ್ನಲು ಯಂತ್ರಕ್ಕೆ ಬರುತ್ತಾ ಎಂದು ನೋಡಬೇಕಿತ್ತು.

ಇನ್ನೊಂದು ಮಾತು. ಉತ್ತರ ಸಿಗದ ಪ್ರಶ್ನೆಗಳನ್ನು ನಿಮ್ಮಲ್ಲಿ ಯಾರಾದರೂ ಓದುತ್ತಾರಾ? ವಾರಕ್ಕೊಮ್ಮೆ ಓದಿದರೂ ಗೊತ್ತಾಗುತ್ತಿತ್ತು, ಮನೆ ಬದಲಾಯಿಸುವವಳು ನಾನೊಬ್ಬಳೇ ಆಗಿರಲಿಕ್ಕಿಲ್ಲ.

ದಯವಿಟ್ಟು ಪ್ಲಾನ್ ಮತ್ತು ಉಳಿದ ಹಣದ ಬಗ್ಗೆ ಒಂದು ವಾರದೊಳಗೆ ನನಗೆ ಬರವಣಿಗೆಯಲ್ಲಿ ತಿಳಿಸಿ. ನಾನು ಆ 'ಹೌದು' ಬಟನ್ ಒತ್ತಿಲ್ಲ. ಆದರೂ ನನ್ನ ಹೆಸರಲ್ಲಿ ರದ್ದು ಕೋರಿಕೆ ದಾಖಲಾಗಿಲ್ಲ ಎಂಬುದನ್ನು ಒಮ್ಮೆ ನೋಡಿ ಖಚಿತಪಡಿಸಿ. ಫೋನ್ ಮಾಡುವುದಾದರೆ ಸಂಜೆ ಆರರ ಮೇಲೆ ಮಾಡಿ. 'ಹೆಚ್ಚಿನ ಮಾಹಿತಿಗೆ ನಮ್ಮ ಚಾಟ್‌ಬಾಟ್ ಬಳಸಿ' ಅಂತ ಮಾತ್ರ ಉತ್ತರ ಕಳಿಸಬೇಡಿ.

ಇಂತಿ,
ನಿಮ್ಮ ಗ್ರಾಹಕಿ